ಓಡುವಾಗ ಮಂಡಿಯ ಹೊರಗಡೆ ನೋವಾ? ಪತ್ತೆ ಮಾಡುವುದರಿಂದ ಮತ್ತೆ ಓಡುವವರೆಗೆ

ನವೆಂಬರ್ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಕಥೆ ಮತ್ತೆ ಮತ್ತೆ ಕೇಳುತ್ತೇನೆ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗಿದೆ. ಭಾನುವಾರದ ಲಾಂಗ್ ರನ್ 14 ಕಿ.ಮೀ.ಯಿಂದ 22ಕ್ಕೆ ಏರಿದೆ. "ಸಾರ್, ಮೊದಲ 4 ಕಿಲೋಮೀಟರ್ ಏನೂ ಇರಲ್ಲ. ಆಮೇಲೆ ಮಂಡಿಯ ಹೊರಗಡೆ ಯಾರೋ ಚುಚ್ಚಿದ ಹಾಗಾಗುತ್ತೆ. ನಿಂತು ನಡೆದರೆ ಹೋಗುತ್ತೆ, ಮತ್ತೆ ಓಡಿದರೆ ಅಲ್ಲೇ ಬರುತ್ತೆ." ಇಷ್ಟು ಹೇಳಿದರೆ ಸಾಕು, ಮುಕ್ಕಾಲು ಭಾಗ ಉತ್ತರ ಸಿಕ್ಕ ಹಾಗೆ: ಇದು ಐಟಿ ಬ್ಯಾಂಡ್ (ಇಲಿಯೋಟಿಬಿಯಲ್ ಬ್ಯಾಂಡ್) ನೋವು.

ನಾನು ಫಿಸಿಯೋ. ಓಟದ ಹುಚ್ಚೂ ಇದೆ. ನನಗೂ ಇದು ಬಂದಿತ್ತು, ನಂದಿ ಬೆಟ್ಟದಿಂದ ಓಡುತ್ತಾ ಇಳಿದ ಮಾರನೇ ವಾರ. ರೋಗಿಗಳಿಗೆ ಬುದ್ಧಿ ಹೇಳುವ ನಾನೇ ಒಂದು ತಿಂಗಳು ಹಲ್ಲು ಕಚ್ಚಿಕೊಂಡು ಫೋಮ್ ರೋಲರ್ (ಮೈ ತೀಡಿಕೊಳ್ಳುವ ಗಟ್ಟಿ ಸ್ಪಂಜಿನ ಉರುಳೆ) ಮೇಲೆ ತೊಡೆ ಉರುಳಿಸಿದೆ. ತೊಡೆ ನೀಲಿಗಟ್ಟಿತು, ಮಂಡಿ ಹಾಗೇ ಇತ್ತು. ಆ ತಿಂಗಳು ಯಾಕೆ ದಂಡವಾಯಿತು ಅನ್ನುವುದರಿಂದಲೇ ಶುರು ಮಾಡೋಣ.

ಈ ಐಟಿ ಬ್ಯಾಂಡ್ ಅಂದರೆ ಏನು

ಪ್ಯಾಂಟಿನ ಪಕ್ಕದ ಹೊಲಿಗೆ ನೋಡಿ. ಜೇಬಿನ ಹತ್ತಿರ ಶುರುವಾಗಿ ತೊಡೆಯ ಹೊರಗಡೆ ನೇರ ಕೆಳಗಿಳಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಒಂದು ಗಟ್ಟಿ ಪಟ್ಟಿ ಇಳಿಯುತ್ತದೆ. ಅದು ಸ್ನಾಯು ಅಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆಯಂಥ ಪೊರೆ. ಮೇಲುಗಡೆ ಜೇಬಿನ ಜಾಗದ ಒಂದು ಚಿಕ್ಕ ಸ್ನಾಯು, ಹಿಂದುಗಡೆ ಪಿರ್ರೆಯ ದೊಡ್ಡ ಸ್ನಾಯು, ಇವೆರಡೂ ಅದನ್ನು ಎಳೆದು ಹಿಡಿದಿರುತ್ತವೆ. ಕೆಳಗೆ ಅದು ಮಂಡಿ ದಾಟಿ ಅದರ ಕೆಳಗಿನ ಕಾಲುಮೂಳೆಯ ಹೊರಗಡೆಯ ಒಂದು ಉಬ್ಬಿಗೆ ಅಂಟಿಕೊಳ್ಳುತ್ತದೆ.

1975ರಲ್ಲಿ ಜೇಮ್ಸ್ ರೆನ್ ಎಂಬ ವೈದ್ಯರು ಅಮೆರಿಕದ ಮರೀನ್ ಸೈನಿಕರಲ್ಲಿ ಈ ನೋವನ್ನು ಗಮನಿಸಿ ಬರೆದರು. ಮಂಡಿ ಮಡಚಿ ಬಿಡಿಸುವಾಗ ಪಟ್ಟಿ ತೊಡೆಮೂಳೆಯ ಉಬ್ಬಿನ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ, ಅದರಿಂದ ಉರಿ, ಹೀಗಿತ್ತು ವಿವರಣೆ. ಬಾವಿಯ ರಾಟೆ ಮೇಲೆ ಹಗ್ಗ ಸವೆಯುವ ಹಾಗೆ ಅಂತ ಎಲ್ಲರೂ ಒಪ್ಪಿಕೊಂಡೆವು. 2006ರಲ್ಲಿ ಅಂಗರಚನೆ ಅಧ್ಯಯನ ಮಾಡುವವರು ಇದನ್ನು ಮತ್ತೆ ನೋಡಿದರು. ಪಟ್ಟಿ ಹಾಗೆ ಜಾರುವುದೇ ಇಲ್ಲ, ನಾರುಗಳಿಂದ ತೊಡೆಮೂಳೆಗೆ ಬಿಗಿಯಾಗಿ ಹೊಲಿದುಕೊಂಡಿದೆ ಅಂದರು. ಪಟ್ಟಿಗೂ ಮೂಳೆಗೂ ಮಧ್ಯೆ ನರ, ರಕ್ತನಾಳ ತುಂಬಿದ ಕೊಬ್ಬಿನ ಪದರ ಇದೆ. ಮಂಡಿ ಸುಮಾರು 30 ಡಿಗ್ರಿ ಮಡಚಿದಾಗ ಪಟ್ಟಿ ಅದನ್ನು ಮೂಳೆಗೆ ಒತ್ತುತ್ತದೆ. ನೋವು ಬಹುಶಃ ಅಲ್ಲಿಂದ.

ಇದರಿಂದ ನಮಗೇನು ಅಂತೀರಾ? ಎರಡು ವಿಷಯ ಇದೆ. ಪಾದ ನೆಲಕ್ಕೆ ಬಿದ್ದ ಮರುಕ್ಷಣ ಮಂಡಿ ಇರುವುದೇ ಆ 30 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ಒಂದೊಂದು ಹೆಜ್ಜೆಗೂ ಒಂದೊಂದು ಒತ್ತು. ಎರಡನೇದು, ಮೂಳೆಗೆ ಅಂಟಿರುವ ಕ್ಯಾನ್ವಾಸನ್ನು ರೋಲರ್‌ನಿಂದ ಉದ್ದ ಮಾಡೋಕಾಗಲ್ಲ. ಮಂಡಿ ಹತ್ತಿರ ರೋಲರ್ ಒತ್ತಿದರೆ ಮೊದಲೇ ನೊಂದಿರುವ ಕೊಬ್ಬಿನ ಪದರವನ್ನು ನೀವೇ ಇನ್ನಷ್ಟು ಹಿಸುಕಿದ ಹಾಗೆ. ನಾನು ಒಂದು ತಿಂಗಳು ಮಾಡಿದ್ದು ಅದನ್ನೇ.

ಹಂತ 1: ಹಿಂದಿನ ನಾಲ್ಕು ವಾರ ತೆರೆದು ನೋಡಿ

ಮಂಡಿ ಮುಟ್ಟುವ ಮೊದಲು ಫೋನ್ ತೆಗೆಯಿರಿ. ಓಟದ ಆ್ಯಪ್‌ನಲ್ಲಿ ಕಳೆದ ನಾಲ್ಕಾರು ವಾರದ ಲೆಕ್ಕ ಇರುತ್ತದಲ್ಲ, ಅದನ್ನು ನೋಡಿ. ಏನೋ ಒಂದು ಬದಲಾಗಿರಲೇಬೇಕು. ವಾರಕ್ಕೆ 25 ಕಿ.ಮೀ. ಇದ್ದದ್ದು ದಿಢೀರ್ ಅಂತ 40 ಆಗಿರಬಹುದು. ಇಳಿಜಾರು ಸೇರಿರಬಹುದು. ಶೂ ಬದಲಾಗಿರಬಹುದು, ಇಲ್ಲ ಬದಲಾಗಬೇಕಾದ ಶೂ ಬದಲಾಗದೇ ಇರಬಹುದು. ಜ್ವರ ಬಂದು ಎರಡು ವಾರ ಬಿಟ್ಟು, ಬಿಟ್ಟಲ್ಲಿಂದಲೇ ಮುಂದುವರಿಸಿದವರೂ ಬಹಳ ಜನ.

ನಮ್ಮಲ್ಲಿ ಇನ್ನೊಂದಿದೆ, ರಸ್ತೆಯ ಇಳುಕಲು. ಮಳೆನೀರು ಚರಂಡಿಗೆ ಹೋಗಲಿ ಅಂತ ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು ಮಾಡಿರುತ್ತಾರೆ. ನೀವು ದಿನಾ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಸಾಮಾನ್ಯವಾಗಿ ಆ ಕಡೆಯ ಮಂಡಿಯೇ ಮೊದಲು ದೂರು ಕೊಡೋದು.

ಹಂತ 2: ಒಂದೇ ಬೆರಳಿಟ್ಟು ತೋರಿಸಿ

ಕುರ್ಚಿ ಮೇಲೆ ಮಂಡಿ ಮಡಚಿ ಕೂತುಕೊಳ್ಳಿ. ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ. ಅಂಗೈಯಿಂದ ಇಡೀ ಮಂಡಿ ಸವರಬೇಡಿ, ಒಂದು ಬಿಂದು ಬೇಕು.

ಮಂಡಿಚಿಪ್ಪಿನ ಪಕ್ಕದಿಂದ ಹೊರಗಡೆಗೆ ಬೆರಳು ಸರಿಸಿದರೆ ಎರಡು ಮೂಳೆ ಸೇರುವ ಸಂದು ಸಿಗುತ್ತದೆ. ಅದರ ಮೇಲೆ ಒಂದೆರಡು ಬೆರಳಗಲ ಹೋದರೆ ತೊಡೆಮೂಳೆಯ ಗಟ್ಟಿ ಉಬ್ಬು. ನೋವು ಆ ಉಬ್ಬಿನ ಮೇಲೇ ಅಥವಾ ಚೂರು ಮೇಲೆ ಇದ್ದರೆ ಐಟಿ ಬ್ಯಾಂಡ್ ಅನುಮಾನ ಗಟ್ಟಿಯಾಗುತ್ತದೆ. ಬೆರಳು ಸಂದಿನ ಒಳಗೇ ಇಳಿದರೆ ಮಿನಿಸ್ಕಸ್, ಅಂದರೆ ಕೀಲಿನ ಒಳಗಿನ ಮೆತ್ತೆ, ಅದನ್ನು ಯೋಚಿಸಬೇಕು. ಮಿನಿಸ್ಕಸ್ ನೋವಿನವರು ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಒದ್ದಾಡುತ್ತಾರೆ. ಐಟಿ ಬ್ಯಾಂಡ್‌ನವರು ಸಾಮಾನ್ಯವಾಗಿ ಅಲ್ಲಿ ಆರಾಮಾಗಿ ಕೂತು ಏಳುತ್ತಾರೆ. ಯಾವ ಪುಸ್ತಕದಲ್ಲೂ ಇಷ್ಟು ಸುಲಭದ ಪರೀಕ್ಷೆ ಸಿಗಲ್ಲ, ದಿನಾ ಬೆಳಿಗ್ಗೆ ತಾನಾಗೇ ಆಗಿಹೋಗುತ್ತದೆ.

ಸಂದಿಗಿಂತ ಕೆಳಗೆ, ಹೊರಗಡೆ, ಗೋಲಿಯಂಥ ಒಂದು ಮೂಳೆ ಕೈಗೆ ಸಿಗುತ್ತದೆ. ನೋವು ಅಲ್ಲಿದ್ದರೆ, ಇಲ್ಲ ಅದರ ಹಿಂದಿನ ಹಗ್ಗದಂಥ ಸ್ನಾಯುರಜ್ಜಿನಲ್ಲಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಇದ್ದರೆ, ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಕಡೆ ನೋಡಬೇಕು. ಮಂಡಿಚಿಪ್ಪಿನ ಸುತ್ತ ಮಂದ ನೋವು, ಸಿನಿಮಾ ಮುಗಿದು ಏಳುವಾಗ ಜಾಸ್ತಿ ಅನ್ನುವುದಾದರೆ ಅದು ರನ್ನರ್ಸ್ ನೀ ಅಂತ ಕರೆಯುವ ಬೇರೆಯದೇ ಸಮಸ್ಯೆ.

ಈಗ ನೋಬಲ್ ಪರೀಕ್ಷೆ. ಇದಕ್ಕೆ ಮನೆಯವರ ಸಹಾಯ ಬೇಕು. ಅಂಗಾತ ಮಲಗಿ, ಮಂಡಿ 90 ಡಿಗ್ರಿ ಮಡಚಿ. ಅವರು ಹೆಬ್ಬೆರಳಿನಿಂದ ಆ ಉಬ್ಬಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, ನಿಮ್ಮ ಕಾಲನ್ನು ನಿಧಾನವಾಗಿ ನೇರ ಮಾಡುತ್ತಾ ಬರಲಿ. ಕಾಲು ಇನ್ನೇನು ನೇರವಾಗಬೇಕು, ಸುಮಾರು 30 ಡಿಗ್ರಿ ಬಾಕಿ ಇದೆ ಅನ್ನುವಾಗ "ಹಾ, ಇದೇ ನೋವು!" ಅಂದರೆ ಪಾಸಿಟಿವ್. ಸುಮ್ನೆ ಒತ್ತಿದ್ದಕ್ಕೆ ಆದ ನೋವು ಲೆಕ್ಕಕ್ಕಿಲ್ಲ. ಓಡುವಾಗ ಬರುವ ಅದೇ ನೋವಾಗಿರಬೇಕು.

ಓಬರ್ ಟೆಸ್ಟ್ ಅಂತ ಇನ್ನೊಂದಿದೆ. ಪಕ್ಕಕ್ಕೆ ಮಲಗಿಸಿ ಕಾಲು ಇಳಿಬಿಟ್ಟು "ನಿಮ್ಮ ಬ್ಯಾಂಡ್ ಟೈಟ್ ಇದೆ" ಅನ್ನುತ್ತಾರೆ. ನಾನು ಇದಕ್ಕೆ ಜಾಸ್ತಿ ಬೆಲೆ ಕೊಡಲ್ಲ. 2016ರ ಒಂದು ಅಧ್ಯಯನದಲ್ಲಿ ಮೃತದೇಹಗಳಲ್ಲಿ ಆ ಪಟ್ಟಿಯನ್ನೇ ಕತ್ತರಿಸಿ ನೋಡಿದರೂ ಕಾಲು ಹೆಚ್ಚೇನೂ ಕೆಳಗೆ ಬರಲಿಲ್ಲ.

ಹಂತ 3: ಇವು ಇದ್ದರೆ ಈ ಬರಹ ಮುಚ್ಚಿ ಡಾಕ್ಟರ ಹತ್ತಿರ ಹೋಗಿ

ಮಂಡಿ ಊದಿಕೊಂಡಿದೆ. ಮಧ್ಯೆ ಲಾಕ್ ಆಗುತ್ತದೆ, ಇಲ್ಲ ಕೈಕೊಡುತ್ತದೆ. ಬಿದ್ದು ಅಥವಾ ತಿರುಚಿಕೊಂಡು ನೋವು ಶುರುವಾಯಿತು. ರಾತ್ರಿ ಸುಮ್ಮನೆ ಮಲಗಿದ್ದಾಗಲೂ ನೋವು, ಜ್ವರ ಬೇರೆ. ಪಾದದ ಮೇಲ್ಭಾಗ ಜುಮ್ಮೆನ್ನುತ್ತದೆ, ಹೆಬ್ಬೆರಳು ಎತ್ತಲು ಆಗುತ್ತಿಲ್ಲ. ಒಂಟಿಕಾಲಲ್ಲಿ ಕುಪ್ಪಳಿಸಿದರೆ ಮೂಳೆಯಲ್ಲೇ ಚಳಕ್ ಅನ್ನುತ್ತದೆ. ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಆಮೇಲೆ.

ಇವೇನೂ ಇಲ್ಲದೆ ಕಥೆ, ಬೆರಳು, ನೋಬಲ್ ಮೂರೂ ಒಂದೇ ಮಾತು ಹೇಳಿದರೆ ಎಂಆರ್‌ಐಗೆ ದುಡ್ಡು ಹಾಕುವ ಅಗತ್ಯ ಸಾಮಾನ್ಯವಾಗಿ ಇರಲ್ಲ.

ಹಂತ 4: ಮೆಟ್ಟಿಲಿನ ಮೇಲೆ ಒಂದು ವಿಡಿಯೋ

ಕಳೆದ ವರ್ಷ ಲಾಲ್‌ಬಾಗ್‌ನಲ್ಲಿ ಓಡುವ ಮೇಡಂ ಒಬ್ಬರು ಬಂದಿದ್ದರು. ನಲವತ್ತೆರಡು ವರ್ಷ, ಬ್ಯಾಂಕ್ ಕೆಲಸ, ಎರಡು ಹಾಫ್ ಮ್ಯಾರಥಾನ್ ಮುಗಿಸಿದವರು. ಬೇರೆ ಕಡೆ ಹತ್ತು ದಿನ ಕರೆಂಟ್ ಇಡಿಸಿಕೊಂಡಿದ್ದರು. ಇಡುವಷ್ಟು ಹೊತ್ತು ಹಾಯ್ ಅನ್ನಿಸುತ್ತಿತ್ತಂತೆ, ಓಡಿದರೆ ಮತ್ತೆ ಅದೇ ಕಥೆ. ನಾನು ಒಂದು ಗೇಣು ಎತ್ತರದ ಸ್ಟೂಲ್ ಇಟ್ಟು, ಒಂಟಿಕಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಗಿಸಿ ಮೇಲೆ ಬನ್ನಿ ಅಂದೆ. ಎಡಗಾಲಲ್ಲಿ ಚೆನ್ನಾಗಿ ಮಾಡಿದರು. ನೋವಿದ್ದ ಬಲಗಾಲಲ್ಲಿ ಮೂರನೇ ಸಲಕ್ಕೇ ಎಡ ಸೊಂಟ ಕೆಳಗೆ ಜೋತುಬಿತ್ತು, ಬಲಮಂಡಿ ಒಳಕ್ಕೆ ವಾಲಿತು, ಬೆರಳುಗಳು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡವು. ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಇದು ನಾನೇನಾ? ಕುಡಿದವರ ಥರ ಇದ್ದೀನಲ್ಲ" ಅಂದು ನಕ್ಕರು.

ನೀವೂ ಮಾಡಿ. ಫೋನನ್ನು ಮುಂದೆ, ಸೊಂಟದ ಎತ್ತರಕ್ಕೆ ಇಡಿ. ಟೈಟ್ ಶಾರ್ಟ್ಸ್ ಇರಲಿ, ಪಂಚೆಯಲ್ಲಿ ಏನೂ ಕಾಣಲ್ಲ. ಎರಡೂ ಕಾಲಲ್ಲಿ ಹತ್ತು ಹತ್ತು ಸಲ ಇಳಿದು ಹೋಲಿಸಿ. ಸೊಂಟ ಜೋತುಬಿದ್ದು ಮಂಡಿ ಒಳಗೆ ವಾಲಿದಾಗ ಆ ಪಟ್ಟಿ ಬಿಗಿಯುತ್ತದೆ, ಕೆಳಗಿನ ಕೊಬ್ಬಿಗೆ ಒತ್ತಡ ಜಾಸ್ತಿ. ಒಂದು ಮಾತು ಹೇಳಿಬಿಡುತ್ತೇನೆ, ಎಲ್ಲರದ್ದೂ ಹೀಗೇ ಇರಲ್ಲ. ಸೊಂಟ ಗಟ್ಟಿ ಇದ್ದವರಿಗೂ ಈ ನೋವು ಬರುತ್ತದೆ, ಅಧ್ಯಯನಗಳೂ ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಂಥವರಿಗೆ ಹಂತ 1ರಲ್ಲೇ ಉತ್ತರ ಇರುತ್ತದೆ.

ಹಂತ 5: ಮೊದಲ ಎರಡು ವಾರ, ಕೆರಳಿದ್ದನ್ನು ತಣ್ಣಗಾಗಿಸಿ

ನೋವು ಬಂದಮೇಲೂ ಓಡುವುದನ್ನು ಇವತ್ತೇ ನಿಲ್ಲಿಸಿ. ಬೇರೆ ಕೆಲವು ನೋವುಗಳಲ್ಲಿ ಹತ್ತಕ್ಕೆ ಎರಡು ಮೂರರಷ್ಟು ನೋವಿದ್ದರೂ ಓಡಿ ಅನ್ನುತ್ತೇನೆ. ಇದರಲ್ಲಿ ಅನ್ನಲ್ಲ. ಇದು ಓಡುತ್ತಾ ಬಿಸಿಯಾಗಿ ಹೋಗುವ ನೋವಲ್ಲ, ಓಡಿದಷ್ಟೂ ಏರುವ ನೋವು. ನಿಮಗೆ 4 ಕಿ.ಮೀ.ಗೆ ಬರುತ್ತದೆ ಅಂದರೆ ಸಮತಟ್ಟು ನೆಲದಲ್ಲಿ 2 ಅಥವಾ ಎರಡೂವರೆಗೆ ನಿಲ್ಲಿಸಿ ಮನೆಗೆ ನಡೆಯಿರಿ. ಒಂದು ಕಿಲೋಮೀಟರಿಗೇ ಬಂದರೆ, ಮೆಟ್ಟಿಲು ಇಳಿಯುವಾಗಲೂ ನೋವಿದ್ದರೆ, ಎರಡು ವಾರ ಓಟವೇ ಬೇಡ. ಈಜಬಹುದು. ಸೈಕಲ್ ನೋವು ತರದಿದ್ದರೆ ಪರವಾಗಿಲ್ಲ, ತಂದರೆ ಅದೂ ಬೇಡ.

ಐಸ್ ಇಡಬಹುದು, ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ. ನೋವು ತಗ್ಗುತ್ತದೆ, ಅಷ್ಟೇ. ಅಮ್ಮ ಎಣ್ಣೆ ಹಚ್ಚಿ ತೀಡ್ತೀನಿ ಅಂದರೆ ಬೇಡ ಅನ್ನಬೇಡಿ, ತೊಡೆಗೂ ಪಿರ್ರೆಗೂ ತೀಡಿಸಿಕೊಳ್ಳಿ, ಆ ಉಬ್ಬಿನ ಹತ್ತಿರ ಮಾತ್ರ ಕೈ ಹೋಗದ ಹಾಗೆ ನೋಡಿಕೊಳ್ಳಿ. ರೋಲರ್‌ಗೂ ಇದೇ ನಿಯಮ. ಮಾತ್ರೆ ನುಂಗಿ ಲಾಂಗ್ ರನ್‌ಗೆ ಹೋಗುವವರಿಗೆ ನಾನು ನೇರವಾಗಿ ಬೈಯುತ್ತೇನೆ. ನೋವು ಗೊತ್ತಾಗದೆ ಗಾಯ ಹೆಚ್ಚುತ್ತದೆ, ಬೆವರಿ ನೀರು ಕಮ್ಮಿಯಾದ ಮೈಯಲ್ಲಿ ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೂ ಒಳ್ಳೆಯದಲ್ಲ.

ಹಂತ 6: ಸೊಂಟ ಗಟ್ಟಿ ಮಾಡುವ ಕೆಲಸ

ಇದೇ ಮುಖ್ಯ. ಎಲ್ಲರೂ ಅರ್ಧಕ್ಕೆ ಬಿಡುವುದೂ ಇದನ್ನೇ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಈ ನೋವಿದ್ದ 24 ಓಟಗಾರರಿಗೆ ಆರು ವಾರ ಸೊಂಟದ ಪಕ್ಕದ ಸ್ನಾಯುಗಳ ವ್ಯಾಯಾಮ ಕೊಟ್ಟರು, 22 ಜನ ನೋವಿಲ್ಲದೆ ಓಟಕ್ಕೆ ಮರಳಿದರು. ಇದೇ ನೋವಿದ್ದು ವ್ಯಾಯಾಮ ಮಾಡದ ಇನ್ನೊಂದು ಗುಂಪು ಹೋಲಿಸಲು ಇರಲಿಲ್ಲ, ಹಾಗಾಗಿ ಪೂರ್ತಿ ಶ್ರೇಯ ವ್ಯಾಯಾಮಕ್ಕೇ ಕೊಡಲಾಗದು. ಆದರೂ ಆರು ವಾರ ಅನ್ನುವ ಲೆಕ್ಕ ತಲೆಯಲ್ಲಿರಲಿ. ಹತ್ತು ದಿನಕ್ಕೆ "ಏನೂ ಆಗ್ತಿಲ್ಲ" ಅನ್ನಬೇಡಿ.

ಪಕ್ಕಕ್ಕೆ ಮಲಗಿ ಕಾಲೆತ್ತುವುದು. ಗೋಡೆಗೆ ಬೆನ್ನು, ಪಿರ್ರೆ, ಮೇಲಿನ ಕಾಲಿನ ಹಿಮ್ಮಡಿ ಮೂರೂ ತಾಗಿರುವ ಹಾಗೆ ಪಕ್ಕಕ್ಕೆ ಮಲಗಿ. ಹಿಮ್ಮಡಿಯನ್ನು ಗೋಡೆಗೆ ಒತ್ತಿಕೊಂಡೇ ಮೇಲೆ ಜಾರಿಸಿ, ಕಾಲ್ಬೆರಳು ಚೂರು ನೆಲದ ಕಡೆ ತಿರುಗಿರಲಿ. ಒಂದೂವರೆ ಅಡಿ ಎತ್ತಿದರೆ ಸಾಕು. ಎರಡು ಸೆಕೆಂಡ್ ನಿಲ್ಲಿಸಿ, ನಿಧಾನ ಇಳಿಸಿ. ಹತ್ತು ಹತ್ತರ ಮೂರು ಸೆಟ್‌ನಿಂದ ಶುರು ಮಾಡಿ ಇಪ್ಪತ್ತಕ್ಕೆ ಏರಿಸಿ. ಎಲ್ಲಿ ಉರಿಯುತ್ತದೆ ಅಂತ ಗಮನಿಸಿ. ಮುಂದಿನ ಜೇಬಿನ ಜಾಗದಲ್ಲಿ ಉರಿದರೆ ಕಾಲು ಮುಂದೆ ಬಂದಿದೆ ಅಂತ ಅರ್ಥ, ತಪ್ಪು ಸ್ನಾಯು ಕೆಲಸ ಮಾಡುತ್ತಿದೆ. ಹಿಂದಿನ ಜೇಬಿನ ಮೇಲ್ಭಾಗದಲ್ಲಿ ಉರಿಯಬೇಕು. ಗೋಡೆ ಇಲ್ಲದೆ ಸರಿಯಾಗಿ ಮಾಡಿದವರನ್ನು ನಾನು ಕಂಡಿದ್ದೇ ಕಮ್ಮಿ.

ಸೊಂಟ ಇಳಿಸಿ ಏರಿಸುವುದು. ಕೊನೆಯ ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲು ಗಾಳಿಯಲ್ಲಿ ಬಿಡಿ. ನಿಂತ ಕಾಲಿನ ಮಂಡಿ ಮಡಚದೆ ಗಾಳಿಯ ಕಡೆಯ ಸೊಂಟ ಇಳಿಸಿ, ಮತ್ತೆ ಏರಿಸಿ. ನೋಡೋಕೆ ಏನೂ ಇಲ್ಲದ ವ್ಯಾಯಾಮ, ಹನ್ನೆರಡಕ್ಕೆ ಪಿರ್ರೆ ನಡುಗುತ್ತದೆ. ಮೂರು ಸೆಟ್. ಮಂಡಿ ಮಡಚುವುದೇ ಇಲ್ಲವಾದ್ದರಿಂದ ನೋವಿನ ದಿನಗಳಲ್ಲೂ ನಡೆಯುತ್ತದೆ.

ಇವೆರಡರ ಜೊತೆ ಬ್ರಿಡ್ಜ್ (ಅಂಗಾತ ಮಲಗಿ, ಮಂಡಿ ಮಡಚಿ ಪಿರ್ರೆ ಎತ್ತುವುದು), ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಕಾಲಲ್ಲಿ. ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ತಿರುಗಿ ಮೊಣಕೈ ಊರಿ ಮೈಯನ್ನು ನೇರ ಎತ್ತಿ ಹಿಡಿಯುವುದು) 20 ಸೆಕೆಂಡಿನಿಂದ ಶುರು. ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು.

ಮೂರನೇ ವಾರಕ್ಕೆ ಸ್ಟೆಪ್ ಡೌನ್. ವಿಡಿಯೋ ಮಾಡಿದ್ದಿರಲ್ಲ, ಅದೇ. ಈಗ ಕನ್ನಡಿ ಮುಂದೆ, ಎರಡು ದಪ್ಪ ಪುಸ್ತಕದಷ್ಟು ಎತ್ತರದಿಂದ. ಸೊಂಟದ ಎರಡೂ ಕಡೆ ಸಮ ಇರಬೇಕು, ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ನೋವು ಹತ್ತಕ್ಕೆ ಎರಡು ದಾಟಿದರೆ, ಇಲ್ಲ ಮಾರನೇ ಬೆಳಿಗ್ಗೆವರೆಗೂ ಉಳಿದರೆ, ಎತ್ತರ ಕಮ್ಮಿ ಮಾಡಿ. ಆರಾಮಾದ ಮೇಲೆ ಭಾರ ಸೇರಿಸಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ 5 ಕೆ.ಜಿ. ಅಕ್ಕಿ ಹಾಕಿಕೊಂಡರೂ ನಡೆಯುತ್ತದೆ. ಓಡುವಾಗ ಒಂದೊಂದು ಹೆಜ್ಜೆಗೆ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಬರೀ ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆದುಕೊಂಡೇ ಇದ್ದರೆ ಅದಕ್ಕೆ ತಯಾರಾಗೋದು ಹೇಗೆ?

ಹಂತ 7: ಮತ್ತೆ ಓಡುವುದು

ಅರ್ಧ ಗಂಟೆ ಬಿರುಸು ನಡಿಗೆ, ಎರಡು ಮಹಡಿ ಮೆಟ್ಟಿಲು ಇಳಿಯುವುದು, ಹದಿನೈದು ಸ್ಟೆಪ್ ಡೌನ್, ಒಂಟಿಕಾಲಲ್ಲಿ ಹತ್ತು ಕುಪ್ಪಳಿಕೆ. ನಾಲ್ಕೂ ನೋವಿಲ್ಲದೆ ಆದರೆ ಶೂ ಹಾಕಿ.

ಇಲ್ಲೊಂದು ಉಲ್ಟಾ ಮಾತಿದೆ. ಎಲ್ಲರೂ ನಿಧಾನವಾಗಿ ಜಾಗ್ ಮಾಡಿ ಶುರು ಮಾಡುತ್ತಾರೆ. ಈ ನೋವಿಗೆ ನಿಧಾನದ ಓಟವೇ ಕಷ್ಟ. ನಿಧಾನಕ್ಕೆ ಓಡುವಾಗ, ಇಳಿಜಾರಿನಲ್ಲಿ, ಮಂಡಿ ಆ 30 ಡಿಗ್ರಿ ಆಸುಪಾಸಿನಲ್ಲೇ ಜಾಸ್ತಿ ಕೆಲಸ ಮಾಡುತ್ತದೆ. ಚುರುಕಾಗಿ ಓಡಿದಾಗ ಪಾದ ಬೀಳುವಾಗಲೇ ಮಂಡಿ ಅದಕ್ಕಿಂತ ಜಾಸ್ತಿ ಮಡಚಿರುತ್ತದೆ. ಹಾಗಾಗಿ ಸಮತಟ್ಟು ನೆಲ, ಚುರುಕಾದ ಚಿಕ್ಕ ಚಿಕ್ಕ ಓಟ, ಮಧ್ಯೆ ನಡಿಗೆ.

ಮೊದಲ ವಾರ 1 ನಿಮಿಷ ಓಟ, 1 ನಿಮಿಷ ನಡಿಗೆ, ಹತ್ತು ಸಲ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಎರಡನೇ ವಾರ 3 ನಿಮಿಷದ ಓಟ ಆರು ಸಲ. ಮೂರನೇ ವಾರ 5 ನಿಮಿಷದ್ದು ಐದು ಸಲ. ನಾಲ್ಕನೇ ವಾರ 20ರಿಂದ 25 ನಿಮಿಷ ಒಂದೇ ಸಮ. ಮಧ್ಯೆ ಆ ಜಾಗ ಬಿಗಿಯಾಯಿತು ಅನ್ನಿಸಿದರೂ ಸಾಕು, ನೋವಿಗೆ ಕಾಯದೆ ನಡೆಯಿರಿ, ಮುಂದಿನ ಸಲ ಹಿಂದಿನ ವಾರದ ಲೆಕ್ಕಕ್ಕೆ ಹೋಗಿ. ಆಮೇಲೆ ಒಂದು ಸಲಕ್ಕೆ ಒಂದೇ ಏರಿಕೆ. ದೂರ ಏರಿಸಿದ ವಾರ ವೇಗ ಏರಿಸಬೇಡಿ.

ಓಡುವ ರೀತಿಯಲ್ಲಿ ಎರಡೇ ಬದಲಾವಣೆ ಸಾಕು. ಬಲಪಾದ ಎಷ್ಟು ಸಲ ಬೀಳುತ್ತದೆ ಅಂತ 30 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಅದು ಒಂದು ನಿಮಿಷಕ್ಕೆ ಎರಡೂ ಪಾದದ ಹೆಜ್ಜೆಗಳ ಲೆಕ್ಕ. 160 ಬಂದರೆ 168ಕ್ಕೆ ಏರಿಸಿ, ಅಂದರೆ 5 ಶೇಕಡಾ. ವೇಗ ಅದೇ, ಹೆಜ್ಜೆ ಗಿಡ್ಡ. ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡರೆ ಸುಲಭ. 180 ಆಗಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಿಮ್ಮದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಬೇಕಾದ್ದು. ಇನ್ನೊಂದು, ಕೆಲವರು ಹಗ್ಗದ ಮೇಲೆ ನಡೆಯುವವರ ಹಾಗೆ ಪಾದದ ಮುಂದೆ ಪಾದ ಇಟ್ಟು ಓಡುತ್ತಾರೆ. ಅದರಿಂದ ಪಟ್ಟಿ ಇನ್ನೂ ಬಿಗಿಯುತ್ತದೆ. ಸ್ಟೇಡಿಯಂ ಟ್ರ್ಯಾಕಿನ ಬಿಳಿ ಗೆರೆ ಎರಡು ಪಾದದ ಮಧ್ಯೆ ಬರುವ ಹಾಗೆ, ಗೆರೆ ತುಳಿಯದೆ ಓಡಿ ನೋಡಿ. ಮೊದಲ ಎರಡು ದಿನ ಬಾತುಕೋಳಿ ಥರ ಅನ್ನಿಸುತ್ತದೆ, ಹೊರಗಿನಿಂದ ನೋಡುವವರಿಗೆ ಗೊತ್ತೇ ಆಗಲ್ಲ.

ಆದರೂ ಹೋಗದಿದ್ದರೆ

ಎಂಟರಿಂದ ಹನ್ನೆರಡು ವಾರ ನೆಟ್ಟಗೆ ಮಾಡಿಯೂ ನೋವು ಅಷ್ಟೇ ಇದ್ದರೆ, ಕ್ರೀಡಾ ವೈದ್ಯರನ್ನೋ ಮೂಳೆ ಡಾಕ್ಟರನ್ನೋ ನೋಡಿ, ಎಂಆರ್‌ಐ ಆಗ ಮಾಡಿಸಿ. ಸ್ಟಿರಾಯ್ಡ್ ಇಂಜೆಕ್ಷನ್ ಹೊಸ ನೋವನ್ನು ಬೇಗ ತಗ್ಗಿಸುತ್ತದೆ, ಸೊಂಟವನ್ನು ಗಟ್ಟಿ ಮಾಡಲ್ಲ. ಆಪರೇಷನ್ ಬಹಳ ಅಪರೂಪ. ನೆಟ್ಟಗೆ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, "ಎಲ್ಲಾ ಮಾಡ್ತಿದ್ದೀನಿ ಸಾರ್" ಅನ್ನುವವರನ್ನು ಅಲ್ಲೇ ಮಾಡಿ ತೋರಿಸಿ ಅಂದರೆ ಕಾಲು ಗೋಡೆಯಿಂದ ಒಂದಡಿ ಮುಂದೆ ಇರುತ್ತದೆ.

ಲಾಲ್‌ಬಾಗ್ ಮೇಡಂಗೆ ಏಳು ವಾರ ಹಿಡಿಯಿತು. ಆ ವರ್ಷ ಮುಂಬೈಗೆ ಹೋಗಲಿಲ್ಲ, ಮನಸ್ಸಿಗೆ ಬೇಜಾರಾಗಿತ್ತು. ಏಪ್ರಿಲ್‌ನಲ್ಲಿ 10 ಕಿ.ಮೀ. ಓಡಿ, ಮೆಡಲ್ ಫೋಟೋ ಬದಲು ಸ್ಟೂಲ್ ಮೇಲಿಂದ ಇಳಿಯುವ ವಿಡಿಯೋ ಕಳಿಸಿದರು. ಸೊಂಟ ನೇರ ಇತ್ತು.

ಇಳಿಜಾರನ್ನು ಎಲ್ಲಕ್ಕಿಂತ ಕಡೆಗೆ ಸೇರಿಸಿ, ಅದೂ ಚೂರು ಚೂರೇ. ನಾನಂತೂ ನಂದಿ ಬೆಟ್ಟಕ್ಕೆ ಈಗಲೂ ಓಡಿಯೇ ಹತ್ತುತ್ತೇನೆ. ಇಳಿಯುವಾಗ ಗೆಳೆಯನ ಬೈಕಿನ ಹಿಂದೆ ಕೂರುತ್ತೇನೆ.